ವಿಮೆಯ ವಂತಿಗೆಯೂ ಅಂತಃಸಾಕ್ಷಿಯೂ

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಒಂದು ಕಾಫಿ ತೋಟವನ್ನು ಓದುಗರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲಿ. ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ ಕಾಫಿಯ ಗಿಡಗಳು. ಮರಗಳನ್ನಪ್ಪಿ ಏರಿದ ಮೆಣಸಿನ ಬಳ್ಳಿಗಳು. ಇಳಿಜಾರಿನ ಕೆಳಗೆ ಕಣ, ಅದರಾಚೆ ಕೂಲಿಲೈನುಗಳು. ತೋಟದ ಒಡೆಯರು ಕ್ಯಾಥೊಲಿಕ್ ಕ್ರೈಸ್ತರು. ಆಳುಗಳಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರೂ ಇದ್ದಾರೆ. ಸಮೀಪದಲ್ಲಿ ಧರ್ಮಭಗಿನಿಯರು ನಡೆಸುವ ಒಂದು ಸಣ್ಣ ಆಸ್ಪತ್ರೆ. ಕೊಯ್ಲು ಮುಗಿದ ಒಂದು ಸಂಜೆ ಮೂರು ಮಕ್ಕಳ ತಾಯಿಯೊಬ್ಬಳು ಅಲ್ಲಿಗೆ ಬರುತ್ತಾಳೆ.

"ಸಿಸ್ಟರಮ್ಮ, ಮಕ್ಕಳು ಸಾಕು ಅನ್ನಿಸ್ತು. ಆಪರೇಷನ್ ಮಾಡಿಸ್ಕೊಳ್ಳೋಣ ಅಂತಿದೀನಿ. ಇಲ್ಲೇ ಆಗುತ್ತಾ?"

"ಇಲ್ಲ ಮಗಳೇ, ಅದು ಇಲ್ಲಿ ಆಗುವುದಿಲ್ಲ."

"ಸಾಹುಕಾರ್ರು ಇನ್ನು ಮೇಲೆ ನಮಗೆಲ್ಲ ವಿಮೆ ಕಟ್ತಾರಂತಲ್ಲ? ಆಪರೇಷನ್ ಮಾಡಿಸ್ಕೊಂಡ್ರೆ ರಜಕ್ಕೂ ಸಂಬಳ ಬರುತ್ತೆ ಅಂತ ರೈಟರು ಹೇಳಿದ್ರು."

ಈ ಚಿತ್ರ ಕಲ್ಪಿತ. ಇದರೊಳಗಿನ ಪ್ರಶ್ನೆ ಮಾತ್ರ ಕಲ್ಪಿತವಲ್ಲ. ಸಂತಾನಶಕ್ತಿಯನ್ನು ಶಸ್ತ್ರಚಿಕಿತ್ಸೆಯಿಂದ ಕೊನೆಗಾಣಿಸುವುದು ತಪ್ಪೆಂದು ನಂಬಿದ ಒಡೆಯರು ಹಣ ಕಟ್ಟುವ ನಿಧಿಯಿಂದಲೇ ಆ ಚಿಕಿತ್ಸೆಗೆ ಪ್ರೋತ್ಸಾಹ ದೊರೆಯುವುದಾದರೆ, ಅವರ ಧರ್ಮಸ್ವಾತಂತ್ರ್ಯಕ್ಕೆ ಭಂಗ ಬಂದಂತಾಯಿತೆ? ಒಡೆಯರ ನಂಬಿಕೆಯನ್ನು ಉಳಿಸಲು ಹೋಗಿ ಆಳಿನ ಹಕ್ಕನ್ನು ಮೊಟಕು ಮಾಡಿದರೆ ಅದು ನ್ಯಾಯವೆ? ಅತ್ತ ದರಿ, ಇತ್ತ ಪುಲಿ ಎಂಬಂತಿರುವ ಈ ಪ್ರಶ್ನೆ ಅಮೆರಿಕದಲ್ಲಿ ಹತ್ತಾರು ವರ್ಷಗಳಿಂದ ನ್ಯಾಯಾಲಯಗಳನ್ನು ಕಾಡುತ್ತಿದೆ. ಮಲೆನಾಡಿನ ಬೆಟ್ಟಗಳಲ್ಲಿ ಅದು ಸದ್ದಿಲ್ಲದೆ ಬಂದು ಬಾಗಿಲಲ್ಲಿ ನಿಂತಿದೆ.

ಮೊದಲು ಕಾಯಿದೆಯ ಮಾತು. ಭಾರತದಲ್ಲಿ ಕಡ್ಡಾಯದ ಆರೋಗ್ಯ ವಿಮೆ ಹೊಸತಲ್ಲ. ೧೯೪೪ರಲ್ಲಿ ಬಿ. ಪಿ. ಅದಾರ್ಕರ್ ಅವರು ಸಲ್ಲಿಸಿದ ವರದಿಯ ಆಧಾರದ ಮೇಲೆ ೧೯೪೮ರಲ್ಲಿ ನೌಕರರ ರಾಜ್ಯ ವಿಮಾ ಕಾಯಿದೆ ಹುಟ್ಟಿತು. ಜನರ ಬಾಯಲ್ಲಿ ಅದು ಇ.ಎಸ್.ಐ. ೧೯೫೨ರಲ್ಲಿ ಯೋಜನೆ ಕಾರ್ಯಾರಂಭ ಮಾಡಿತು. ಕಾಲಕ್ರಮದಲ್ಲಿ ಕಾರ್ಖಾನೆಗಳಿಂದ ಅಂಗಡಿಗಳಿಗೆ, ಅಲ್ಲಿಂದ ಖಾಸಗಿ ಶಾಲೆ, ಆಸ್ಪತ್ರೆಗಳಿಗೆ ಅದರ ವ್ಯಾಪ್ತಿ ಹಬ್ಬಿತು. ೨೦೧೯ರ ಜುಲೈಯಿಂದ ಸಂಬಳದ ಶೇಕಡಾ ೩.೨೫ರಷ್ಟು ವಂತಿಗೆಯನ್ನು ಮಾಲಿಕರೂ ಶೇಕಡಾ ೦.೭೫ರಷ್ಟನ್ನು ನೌಕರರೂ ಕೊಡಬೇಕೆಂದು ನಿಯಮವಾಯಿತು.

ಆದರೆ ಕಾಫಿ ತೋಟಗಳು ಈ ಬಲೆಯ ಹೊರಗಿದ್ದುವು. ಅವುಗಳಿಗೆ ೧೯೫೧ರ ತೋಟ ಕಾರ್ಮಿಕರ ಕಾಯಿದೆ ಬೇರೆಯೇ ಇದ್ದಿತು. ಮನೆ, ಕುಡಿಯುವ ನೀರು, ಐವತ್ತು ಹೆಣ್ಣಾಳುಗಳಿದ್ದಲ್ಲಿ ಶಿಶುವಿಹಾರ, ಕಾಯಿಲೆಗೆ ಔಷಧೋಪಚಾರ, ಬಾಣಂತಿಗೆ ಭತ್ಯೆ - ಇವೆಲ್ಲವನ್ನೂ ತೋಟದ ಒಡೆಯನೇ ಒದಗಿಸಬೇಕೆಂಬುದು ಅದರ ಕಟ್ಟಳೆ. ೨೦೨೫ರ ನವೆಂಬರ್ ೨೧ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಹಳೆಯ ಏರ್ಪಾಡು ಅವುಗಳಲ್ಲಿ ಲೀನವಾಯಿತು. ಸಾಮಾಜಿಕ ಭದ್ರತಾ ಸಂಹಿತೆ ತೋಟದ ಒಡೆಯರಿಗೆ ಒಂದು ಹೊಸ ಬಾಗಿಲನ್ನು ತೆರೆಯಿತು. ಅವರು ಕೊಡುತ್ತಿರುವ ಸೌಲಭ್ಯಕ್ಕಿಂತ ವಿಮೆಯ ಸೌಲಭ್ಯ ಮೇಲಾಗಿದ್ದರೆ, ಇಚ್ಛೆಪಟ್ಟು ತೋಟವನ್ನು ಇ.ಎಸ್.ಐ. ವ್ಯಾಪ್ತಿಗೆ ತರಬಹುದು. ಕಾರ್ಖಾನೆಗೆ ಕಡ್ಡಾಯ, ತೋಟಕ್ಕೆ ಆಯ್ಕೆ. ಕಡ್ಡಾಯವಿದ್ದಲ್ಲಿ 'ಸರ್ಕಾರ ಮಾಡಿಸಿತು' ಎಂದು ಸಮಾಧಾನ ಹೇಳಿಕೊಳ್ಳಬಹುದು. ಆಯ್ಕೆಯಿರುವಲ್ಲಿ ಮನುಷ್ಯ ತನ್ನ ಮನಸ್ಸಿಗೆ ತಾನೇ ಉತ್ತರ ಹೇಳಬೇಕಾಗುತ್ತದೆ.

ಈ ನಿಧಿ ಯಾವುದಕ್ಕೆಲ್ಲ ಹಣ ಕೊಡುತ್ತದೆ ಎಂಬುದನ್ನು ನೋಡಬೇಕು. ಕಾಯಿಲೆ ಬಿದ್ದವನಿಗೆ ಸಂಬಳದ ಶೇಕಡಾ ೭೦ರಷ್ಟು ಭತ್ಯೆ, ವರ್ಷದಲ್ಲಿ ೯೧ ದಿನಗಳವರೆಗೆ. ಹೆರಿಗೆಗೆ ೨೬ ವಾರಗಳ ಪೂರ್ಣ ಸಂಬಳ. ಬದುಕಿರುವ ಮಕ್ಕಳು ಇಬ್ಬರಿದ್ದರೆ ಮುಂದಿನ ಹೆರಿಗೆಗೆ ೧೨ ವಾರ. ಅದೇ ನಿಧಿಯಲ್ಲಿ ಇನ್ನೊಂದು ಕಲಮೂ ಉಂಟು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಗಂಡಸಿಗೆ ೭ ದಿನ, ಹೆಂಗಸಿಗೆ ೧೪ ದಿನ, ಪೂರ್ಣ ಸಂಬಳಕ್ಕೆ ಸಮನಾದ ಭತ್ಯೆ. ಸಾಮಾನ್ಯ ಕಾಯಿಲೆಗೆ ೭೦, ಇದಕ್ಕೆ ನೂರಕ್ಕೆ ನೂರು. ಸರ್ಕಾರ ಯಾವುದನ್ನು ಪ್ರೋತ್ಸಾಹಿಸುತ್ತಿದೆ ಎಂಬುದು ಈ ಅಂಕಿಗಳಲ್ಲಿಯೇ ಸ್ಪಷ್ಟ. ಬಾಣಂತಿಯ ತೊಟ್ಟಿಲಿಗೂ ತೊಟ್ಟಿಲು ಇನ್ನು ಬೇಡವೆಂಬ ಚಿಕಿತ್ಸೆಗೂ ಒಂದೇ ಚೀಲದಿಂದ ಹಣ.

ಕ್ಯಾಥೊಲಿಕ್ ಸಭೆ ವಿಮೆಯನ್ನೇ ವಿರೋಧಿಸುತ್ತದೆ ಎಂದು ಯಾರಾದರೂ ಭಾವಿಸಿದರೆ ಅದು ತಪ್ಪು. ದುಡಿಯುವವರ ಪರವಾಗಿ ೧೮೯೧ರಲ್ಲಿಯೇ ಪೋಪ್ ಹದಿಮೂರನೆಯ ಲಿಯೋ ಅವರು ಒಂದು ಪ್ರಸಿದ್ಧ ವಿಶ್ವಪರಿಪತ್ರವನ್ನು ಹೊರಡಿಸಿದ್ದರು. ೧೯೬೩ರಲ್ಲಿ ಇಪ್ಪತ್ತಮೂರನೆಯ ಜಾನ್ ಅವರು ವೈದ್ಯೋಪಚಾರವನ್ನೂ ಕಾಯಿಲೆಯ ಕಾಲದ ಭದ್ರತೆಯನ್ನೂ ಮನುಷ್ಯನ ಹಕ್ಕುಗಳ ಸಾಲಿಗೆ ಸೇರಿಸಿದರು. ಬಡವನ ಕಾಯಿಲೆಗೆ ಸಮಾಜವೆಲ್ಲ ಕೈಗೂಡಿಸಬೇಕೆಂಬುದು ಸಭೆಯ ಬೋಧನೆಗೆ ಅನುಗುಣವಾದುದೇ. ಮಾತು ಕೆಡುವುದು ಒಂದೇ ಒಂದು ಕಡೆ: ಆ ಕೈ ಯಾವ ಕೆಲಸಕ್ಕೆ ಚಾಚಬೇಕು ಎಂಬಲ್ಲಿ.

ಈ ಜಗಳದ ಬೇರುಗಳಲ್ಲಿ ಒಂದು ಮೈಸೂರಿನ ಮಣ್ಣಿನಲ್ಲಿಯೇ ಇದೆ ಎಂದರೆ ಹಲವರಿಗೆ ಆಶ್ಚರ್ಯವಾದೀತು. ೧೯೩೦ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತತಿ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಸರ್ಕಾರವೊಂದು ಇಂತಹ ಕೆಲಸಕ್ಕೆ ಕೈಹಾಕಿದುದು ಲೋಕದಲ್ಲಿಯೇ ಮೊದಲೆಂದು ಹೇಳುತ್ತಾರೆ. ಚಿಕ್ಕಮಗಳೂರು ಆಗ ಆ ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿತ್ತು. ಅದೇ ೧೯೩೦ರ ಡಿಸೆಂಬರ್ ೩೧ರಂದು ರೋಮಿನಲ್ಲಿ ಪೋಪ್ ಹನ್ನೊಂದನೆಯ ಪಯಸ್ ಅವರು ಕೃತಕ ಸಂತತಿ ನಿಯಂತ್ರಣವನ್ನು ಖಂಡಿಸಿ ವಿಶ್ವಪರಿಪತ್ರ ಹೊರಡಿಸಿದರು. ಒಂದೇ ವರ್ಷ, ಎರಡು ದಿಕ್ಕು.

ಈ ಎರಡು ದಿಕ್ಕುಗಳನ್ನು ಕೂಡಿಸುವ ಯತ್ನವೂ ಮೈಸೂರಿನಲ್ಲಿಯೇ ನಡೆಯಿತು. ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ ಕೌರ್ ಗಾಂಧೀಜಿಯವರ ಅನುಯಾಯಿ, ಕ್ರೈಸ್ತ ಮನೆತನದವರು. ಕೃತಕ ಸಾಧನಗಳ ವಿಷಯದಲ್ಲಿ ಅವರಿಗೆ ಒಲವಿರಲಿಲ್ಲ. ೧೯೫೦ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೆಹಲಿಯ ಲೋದಿ ಕಾಲೊನಿಯಲ್ಲಿಯೂ ಮೈಸೂರಿನ ರಾಮನಗರದಲ್ಲಿಯೂ ದಿನಗಣನೆಯ ಪದ್ಧತಿಯನ್ನು ಪ್ರಯೋಗಿಸಿ ನೋಡಿದರು. ತಿಂಗಳಿನ ಯಾವ ದಿನಗಳಲ್ಲಿ ಸಂಯಮ ಬೇಕೆಂದು ತಿಳಿಯಲು ಹೆಂಗಸರಿಗೆ ಬಣ್ಣಬಣ್ಣದ ಮಣಿಗಳ ಸರಗಳನ್ನು ಕೊಟ್ಟರು. ಕ್ಯಾಥೊಲಿಕ್ ಸಭೆ ಒಪ್ಪುವ ಮಾರ್ಗವೂ ಸ್ಥೂಲವಾಗಿ ಇದೇ ಜಾತಿಯದು. ಪ್ರಯೋಗ ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲ. ಸರ್ಕಾರ ಬೇರೆ ಹಾದಿಗಳನ್ನು ಹಿಡಿಯಿತು.

೧೯೬೩ರಲ್ಲಿ ಪೋಪ್ ಆರನೆಯ ಪೌಲರು ಚಿಕ್ಕಮಗಳೂರು ಧರ್ಮಪ್ರಾಂತ್ಯವನ್ನು ಸ್ಥಾಪಿಸಿದರು. ಕರಾವಳಿಯಿಂದ ಘಟ್ಟ ಹತ್ತಿ ಬಂದು, ಕೆಲವರು ತೋಟದ ಒಡೆಯರಾಗಿ, ಬಹುಮಂದಿ ಆಳುಗಳಾಗಿ ನೆಲಸಿದ ಕೊಂಕಣಿ ಮಾತಿನ ಕ್ಯಾಥೊಲಿಕರು ಈ ಬೆಟ್ಟಗಳಲ್ಲಿ ಆಗಲೇ ಬೇರೂರಿದ್ದರು. ಡಾಕ್ಟರ್ ಆಲ್ಫೋನ್ಸಸ್ ಮಥಾಯಸ್ ಮೊದಲ ಧರ್ಮಾಧ್ಯಕ್ಷರಾದರು. ಅದಾಗಿ ಐದು ವರ್ಷಗಳೊಳಗೆ, ೧೯೬೮ರ ಜುಲೈಯಲ್ಲಿ, ಅದೇ ಆರನೆಯ ಪೌಲರು ಕೃತಕ ಸಂತತಿ ನಿಯಂತ್ರಣವನ್ನೂ ಸಂತಾನಹರಣ ಚಿಕಿತ್ಸೆಯನ್ನೂ ಮತ್ತೊಮ್ಮೆ ನಿಷೇಧಿಸಿದರು. ನಡುವೆ ೧೯೬೫ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಧರ್ಮಸ್ವಾತಂತ್ರ್ಯವನ್ನು ಕುರಿತು ಒಂದು ಘೋಷಣೆಯನ್ನು ಅಂಗೀಕರಿಸಿತು. ಯಾರನ್ನೂ ಅವರ ಅಂತಃಸಾಕ್ಷಿಗೆ ವಿರುದ್ಧವಾಗಿ ನಡೆಯುವಂತೆ ಬಲಾತ್ಕರಿಸಕೂಡದು ಎಂಬುದು ಅದರ ಸಾರ. ಈ ಮಾತು ಕ್ಯಾಥೊಲಿಕರಿಗೆ ಮಾತ್ರ ಹೇಳಿದುದಲ್ಲ. ಎಲ್ಲ ಮತದವರಿಗೂ, ಮತವೇ ಬೇಡವೆಂಬವರಿಗೂ ಅನ್ವಯಿಸುವುದು. ಇದನ್ನು ಓದುಗರು ನೆನಪಿನಲ್ಲಿಡಬೇಕು. ತೋಟದ ಹೆಣ್ಣಾಳಿಗೂ ಒಂದು ಅಂತಃಸಾಕ್ಷಿ ಇದೆ.

ಬಲಾತ್ಕಾರದ ಭಯ ಬರಿಯ ಊಹೆಯಲ್ಲವೆಂಬುದನ್ನು ತುರ್ತುಪರಿಸ್ಥಿತಿ ತೋರಿಸಿಕೊಟ್ಟಿತು. ೧೯೭೬-೭೭ರ ಒಂದೇ ಸಾಲಿನಲ್ಲಿ ದೇಶದಲ್ಲಿ ೮೦ ಲಕ್ಷಕ್ಕೂ ಮೀರಿ ಸಂತಾನಹರಣ ಚಿಕಿತ್ಸೆಗಳು ನಡೆದುವು. ಅಧಿಕಾರಿಗಳಿಗೆ ಗುರಿ ನಿಗದಿಯಾಗಿತ್ತು. ಗುರಿ ಮುಟ್ಟಲು ಬಡವರ ಮೈ ಬಲಿಯಾಯಿತು. ಉತ್ತರ ಭಾರತದಲ್ಲಿ ೧೯೭೭ರಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರ ಪಕ್ಷ ಸೋಲಲು ಅದೊಂದು ಮುಖ್ಯ ಕಾರಣ. ಅವರು ಲೋಕಸಭೆಗೆ ಮರಳಿದುದು ೧೯೭೮ರ ನವೆಂಬರಿನಲ್ಲಿ, ಇದೇ ಚಿಕ್ಕಮಗಳೂರಿನಿಂದ. ಆರೋಗ್ಯದ ಹೆಸರಿನಲ್ಲಿ ಸರ್ಕಾರ ಮನುಷ್ಯನ ದೇಹದ ಮೇಲೆ ಕೈಯಿಟ್ಟರೆ ಏನಾದೀತೆಂಬ ನೆನಪು ಒಂದು ಪೀಳಿಗೆಗೆ ಸುಲಭವಾಗಿ ಮಾಸುವಂತಹುದಲ್ಲ.

ಈಗ ಅಮೆರಿಕದ ಕಥೆ. ೨೦೧೦ರಲ್ಲಿ ಅಧ್ಯಕ್ಷ ಬರಾಕ್ ಒಬಾಮಾ ಅವರ ಕಾಲದಲ್ಲಿ ಅಲ್ಲಿ ದೊಡ್ಡ ಆರೋಗ್ಯ ವಿಮಾ ಕಾಯಿದೆ ಬಂದಿತು. ಅದರಡಿಯ ನಿಯಮಗಳಂತೆ, ಮಾಲಿಕರು ನೌಕರರಿಗೆ ಒದಗಿಸುವ ವಿಮೆಯಲ್ಲಿ ಗರ್ಭನಿರೋಧಕಗಳೂ ಸಂತಾನಹರಣ ಚಿಕಿತ್ಸೆಯೂ ಉಚಿತವಾಗಿ ಸೇರಿರಬೇಕಾಯಿತು. ಚರ್ಚುಗಳಿಗೆ ವಿನಾಯಿತಿ ದೊರೆಯಿತು. ಕ್ಯಾಥೊಲಿಕ್ ಆಸ್ಪತ್ರೆ, ಕಾಲೇಜು, ಅನಾಥಾಲಯಗಳಿಗೆ ಪೂರ್ಣ ವಿನಾಯಿತಿ ಸಿಗಲಿಲ್ಲ. ಅವರು ತಮ್ಮ ಆಕ್ಷೇಪವನ್ನು ಒಂದು ನಮೂನೆಯಲ್ಲಿ ತಿಳಿಸಿದರೆ, ವಿಮಾ ಸಂಸ್ಥೆಯೇ ಆ ಭಾಗವನ್ನು ನೇರವಾಗಿ ನೋಡಿಕೊಳ್ಳುವುದೆಂದು ಸರ್ಕಾರ ಹೇಳಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಉಪಾಯ ಅದು.

ಆ ನಮೂನೆಗೆ ಸಹಿ ಮಾಡಲು ಒಪ್ಪದೆ ನ್ಯಾಯಾಲಯಕ್ಕೆ ಹೋದವರಲ್ಲಿ ಮುಖ್ಯರು 'ಬಡವರ ಕಿರಿಯ ಭಗಿನಿಯರು'. ೧೮೩೯ರಲ್ಲಿ ಫ್ರಾನ್ಸಿನಲ್ಲಿ ಜಾನ್ ಜುಗಾನ್ ಎಂಬಾಕೆ ದಿಕ್ಕಿಲ್ಲದ ಮುದುಕಿಯೊಬ್ಬಳನ್ನು ತನ್ನ ಹಾಸಿಗೆಯಲ್ಲಿ ಮಲಗಿಸಿ ಆರಂಭಿಸಿದ ಸೇವೆ ಅದು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ವೃದ್ಧಾಶ್ರಮವೂ ಅದೇ ಭಗಿನಿಯರದು. ಅವರ ವಾದ ಸರಳ: 'ನಮ್ಮ ಸಹಿಯೇ ಬೀಗದ ಕೈಯಾದರೆ, ಬಾಗಿಲು ತೆರೆದವರು ನಾವೇ ಆಗುತ್ತೇವೆ.' ಎದುರು ಪಕ್ಷದ ವಾದವೂ ಅಷ್ಟೇ ಸರಳ: ವೃದ್ಧಾಶ್ರಮದಲ್ಲಿ ದುಡಿಯುವ ದಾದಿ ಕ್ಯಾಥೊಲಿಕಳೇ ಆಗಿರಬೇಕಿಲ್ಲ, ಒಡತಿಯ ವ್ರತಕ್ಕೆ ಆಳು ಏಕೆ ಉಪವಾಸ ಬೀಳಬೇಕು?

೨೦೧೪ರಲ್ಲಿ ಪ್ರಾಟೆಸ್ಟಂಟ್ ಕುಟುಂಬವೊಂದರ ಹಾಬಿ ಲಾಬಿ ಎಂಬ ವ್ಯಾಪಾರ ಸಂಸ್ಥೆಗೆ ಅಲ್ಲಿನ ಸುಪ್ರೀಂ ಕೋರ್ಟು ಐದು-ನಾಲ್ಕರ ಬಹುಮತದಿಂದ ಜಯ ಕೊಟ್ಟಿತು. ೨೦೨೦ರ ಜುಲೈಯಲ್ಲಿ ಏಳು-ಎರಡರ ಬಹುಮತದಿಂದ ಭಗಿನಿಯರ ಕಡೆಗೂ ತೀರ್ಪಾಯಿತು. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರು, ಸರ್ಕಾರದ ಅಂದಾಜಿನಂತೆಯೇ ೭೦,೫೦೦ರಿಂದ ೧,೨೬,೪೦೦ ಹೆಂಗಸರು ಈ ಸೌಲಭ್ಯವನ್ನು ಕಳೆದುಕೊಳ್ಳಬಹುದೆಂದು ಎಚ್ಚರಿಸಿದರು. ವ್ಯಾಜ್ಯ ಅಲ್ಲಿಗೂ ಮುಗಿಯಲಿಲ್ಲ. ಕೆಳಗಿನ ನ್ಯಾಯಾಲಯಗಳಲ್ಲಿ ಬೇರೆ ರೂಪದಲ್ಲಿ ಮುಂದುವರಿಯಿತು.

ಭಾರತದಲ್ಲಿ ಇಂತಹ ಮೊಕದ್ದಮೆ ಏಕೆ ಎದ್ದು ಕಾಣಲಿಲ್ಲ? ಕಾರಣ ಏರ್ಪಾಡಿನಲ್ಲಿಯೇ ಇದೆ. ಅಮೆರಿಕದಲ್ಲಿ ವಿಮೆ ಮಾಲಿಕನದು. ಅದರಲ್ಲಿ ಏನೇನಿರಬೇಕೆಂಬುದು ಅವನ ಹೆಸರಿನಲ್ಲಿ ನಿಶ್ಚಯವಾಗುತ್ತದೆ. ಇಲ್ಲಿ ಮಾಲಿಕ ವಂತಿಗೆ ಕಟ್ಟಿದ ಕೂಡಲೆ ಹಣ ಸಾರ್ವಜನಿಕ ನಿಧಿ ಸೇರುತ್ತದೆ. ಅದನ್ನು ಯಾವ ಚಿಕಿತ್ಸೆಗೆ ಬಳಸಬೇಕೆಂಬುದು ರೋಗಿಗೂ ನಿಗಮಕ್ಕೂ ಸಂಬಂಧಿಸಿದ ವಿಷಯ. ಕ್ಯಾಥೊಲಿಕ್ ನೀತಿಶಾಸ್ತ್ರಜ್ಞರು ಬಹು ಹಿಂದಿನಿಂದಲೂ ಇಲ್ಲಿ ಒಂದು ಸೂಕ್ಷ್ಮವಾದ ಭೇದವನ್ನು ಮಾಡುತ್ತಾ ಬಂದಿದ್ದಾರೆ. ಪರರ ತಪ್ಪನ್ನು ತಾನೂ ಬಯಸಿ ಸಹಕರಿಸುವುದು ಒಂದು. ಬಯಸದೆಯೇ, ಮತ್ತೊಂದು ಒಳ್ಳೆಯ ಉದ್ದೇಶಕ್ಕಾಗಿ ಮಾಡಿದ ಕೆಲಸ ದೂರದಿಂದ ಆ ತಪ್ಪಿಗೆ ನೆರವಾಗುವುದು ಇನ್ನೊಂದು. ಮೊದಲನೆಯದು ಎಂದಿಗೂ ಕೂಡದು. ಎರಡನೆಯದು, ದೂರ ಹೆಚ್ಚಾದಷ್ಟೂ ಒಳಿತು ದೊಡ್ಡದಾದಷ್ಟೂ, ಕ್ಷಮ್ಯವಾಗುತ್ತದೆ. ಕತ್ತಿ ಹಿಡಿದ ವೈದ್ಯನಿಗೂ ನಿಧಿಗೆ ವಂತಿಗೆ ಕಟ್ಟಿದ ತೋಟಗಾರನಿಗೂ ನಡುವೆ ಎಷ್ಟೋ ಮೆಟ್ಟಿಲುಗಳಿವೆ. ಅವುಗಳಲ್ಲಿ ಅತಿ ಮುಖ್ಯವಾದುದು ಆ ಹೆಂಗಸಿನ ಸ್ವಂತ ನಿರ್ಧಾರ.

ಬೇರೆ ಮತದ ಓದುಗರಿಗೆ ಇದು ಪರಕೀಯವೆನಿಸಬೇಕಿಲ್ಲ. ಕರ್ನಾಟಕದ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ತೊಡಗಿದಾಗ ಎಷ್ಟು ಚರ್ಚೆ ಎದ್ದಿತು! ಮೊಟ್ಟೆ ಮುಟ್ಟದ ಮನೆಯವರ ತೆರಿಗೆಯ ಹಣವೂ ಅದರಲ್ಲಿ ಸೇರಿದೆ. ಕೊನೆಗೆ ಕಂಡುಕೊಂಡ ದಾರಿ ಯಾವುದು? ತಿನ್ನುವ ಮಗುವಿಗೆ ಮೊಟ್ಟೆ, ತಿನ್ನದ ಮಗುವಿಗೆ ಬಾಳೆಹಣ್ಣು ಇಲ್ಲವೆ ಚಿಕ್ಕಿ. ಸಾರ್ವಜನಿಕ ನಿಧಿಗೆ ಎಲ್ಲರೂ ಕೊಡುತ್ತಾರೆ. ತಟ್ಟೆಯಲ್ಲಿ ಏನಿರಬೇಕೆಂಬುದನ್ನು ಉಣ್ಣುವವರು ಆರಿಸಿಕೊಳ್ಳುತ್ತಾರೆ. ಮೊಟ್ಟೆ ಬೇಯಿಸುವ ಕೈ ಮಾತ್ರ ಯಾರದಾದರೂ ಒಬ್ಬರದಾಗಲೇಬೇಕು. ನಿಜವಾದ ಇಕ್ಕಟ್ಟು ಇರುವುದು ಆ ಕೈಯ ಬಳಿಯಲ್ಲಿ.

ಆದುದರಿಂದ ಹಣ ಕಟ್ಟುವ ಒಡೆಯರಿಗಿಂತ ರೋಗಿಯ ಮುಂದೆ ನಿಂತ ಭಗಿನಿಯರ ಮತ್ತು ವೈದ್ಯರ ಪಾಡು ಹೆಚ್ಚು ಕಠಿಣವಾದುದು. ಬ್ರಿಟನ್ನಿನ ೧೯೬೭ರ ಗರ್ಭಪಾತ ಕಾಯಿದೆಯಲ್ಲಿ, ಅಂತಃಸಾಕ್ಷಿ ಒಪ್ಪದ ವೈದ್ಯ ಅದರಲ್ಲಿ ಪಾಲುಗೊಳ್ಳಬೇಕಿಲ್ಲವೆಂಬ ಸ್ಪಷ್ಟ ಕಲಮು ಇದೆ. ಭಾರತದ ೧೯೭೧ರ ಕಾಯಿದೆಯಲ್ಲಿ ಅಂತಹ ಕಲಮು ಇಲ್ಲ. ಬದಲಾಗಿ, ವೈದ್ಯರ ನಡತೆಯನ್ನು ಕುರಿತ ೨೦೦೨ರ ನಿಯಮಾವಳಿ ವೈದ್ಯಕೀಯ ಅಗತ್ಯವಿರುವಾಗ ಬರಿಯ ಧಾರ್ಮಿಕ ಕಾರಣದಿಂದ ಸಂತಾನಹರಣ, ಗರ್ಭನಿರೋಧ, ಗರ್ಭಪಾತಗಳಿಗೆ ನೆರವು ನಿರಾಕರಿಸಕೂಡದೆಂದು ವಿಧಿಸುತ್ತದೆ. ತನಗೆ ಆ ಕೆಲಸದಲ್ಲಿ ನೈಪುಣ್ಯವಿಲ್ಲವೆಂದು ವೈದ್ಯನಿಗೆ ತೋರಿದರೆ ಮಾತ್ರ ವಿನಾಯಿತಿ. ನೈಪುಣ್ಯವಿದ್ದೂ ಮನಸ್ಸೊಪ್ಪದವನಿಗೆ ಅಕ್ಷರಶಃ ನೋಡಿದರೆ ಆಶ್ರಯವಿಲ್ಲ.

ಸಂಸ್ಥೆಗಳ ಸ್ಥಿತಿ ಸ್ವಲ್ಪ ಬೇರೆ. ಖಾಸಗಿ ಆಸ್ಪತ್ರೆಯಲ್ಲಿ ಗರ್ಭಪಾತ ನಡೆಸಬೇಕಾದರೆ ಸರ್ಕಾರದ ಅನುಮೋದನೆ ಪಡೆಯಬೇಕು. ಆ ಅನುಮೋದನೆಯನ್ನು ಕೇಳಲೇಬೇಕೆಂಬ ನಿರ್ಬಂಧವಿಲ್ಲ. ಕೇಳದಿದ್ದರಾಯಿತು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು ೧೮೮೦ರಲ್ಲಿ ಆರಂಭಿಸಿದ ಔಷಧಾಲಯ ಬೆಳೆದು ಮಹಾ ಆಸ್ಪತ್ರೆಯಾಗಿದೆ. ಚಾರ್ಮಾಡಿ ಘಾಟಿ ಇಳಿದು ಹೋಗುವ ರೋಗಿಗಳಿಗೆ ಅದು ಪರಿಚಿತ ಹೆಸರು. ಇಂತಹ ಸಂಸ್ಥೆಗಳು ಸಾವಿರ ಬಗೆಯ ಚಿಕಿತ್ಸೆ ಮಾಡುತ್ತವೆ. ಕೆಲವನ್ನು ಮಾಡುವುದಿಲ್ಲವೆಂದ ಮಾತ್ರಕ್ಕೆ ಉಳಿದ ಸಾವಿರವನ್ನು ಮರೆಯುವುದು ಕೃತಘ್ನತೆಯಾದೀತು.

ಸಂವಿಧಾನ ಏನು ಹೇಳುತ್ತದೆ? ಅದರ ೨೫ನೆಯ ಅನುಚ್ಛೇದ ಎಲ್ಲರಿಗೂ ಅಂತಃಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ಕೊಡುವಾಗಲೇ ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯ ಎಂಬ ಮೂರು ಬೇಲಿಗಳನ್ನೂ ಹಾಕಿದೆ. ೧೯೮೬ರಲ್ಲಿ ಕೇರಳದ ಮೂವರು ಶಾಲಾ ಮಕ್ಕಳು ತಮ್ಮ ಮತದ ಕಾರಣದಿಂದ ರಾಷ್ಟ್ರಗೀತೆ ಹಾಡದೆ ಗೌರವದಿಂದ ಎದ್ದು ನಿಂತುದನ್ನು ಸುಪ್ರೀಂ ಕೋರ್ಟು ಎತ್ತಿ ಹಿಡಿಯಿತು. ೨೦೦೩ರಲ್ಲಿ ಹರಿಯಾಣದ ಪಂಚಾಯತಿಗಳಲ್ಲಿ ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದವರು ಸ್ಥಾನ ಹೊಂದಕೂಡದೆಂಬ ಕಾಯಿದೆಯನ್ನು, ಮತಧರ್ಮದ ಆಕ್ಷೇಪವನ್ನು ತಳ್ಳಿಹಾಕಿ, ಅದೇ ಕೋರ್ಟು ಊರ್ಜಿತಗೊಳಿಸಿತು. ಒಂದರಲ್ಲಿ ಮಕ್ಕಳ ಮೌನದಿಂದ ಯಾರಿಗೂ ನಷ್ಟವಿರಲಿಲ್ಲ. ಇನ್ನೊಂದರಲ್ಲಿ ಸಮಾಜದ ಹಿತವೆಂದು ಸರ್ಕಾರ ಭಾವಿಸಿದುದು ಎದುರಿಗಿತ್ತು. ಮೂರನೆಯವರಿಗೆ ಎಷ್ಟು ಹೊರೆ ಬೀಳುತ್ತದೆ ಎಂಬುದೇ ಅಂತಃಸಾಕ್ಷಿಯ ಮೊಕದ್ದಮೆಗಳಲ್ಲಿ ಕೊನೆಗೆ ತೂಗಬೇಕಾದ ತಕ್ಕಡಿ.

ಈ ತಕ್ಕಡಿಯನ್ನು ಹಿಡಿದು ಮತ್ತೆ ತೋಟಕ್ಕೆ ಬರೋಣ ಎಂದರೆ, ಅಲ್ಲಿ ಮೂವರು ನಿಂತಿದ್ದಾರೆ. ಒಡೆಯರು ವಿಮೆಯಿಂದ ದೂರ ಉಳಿದರೆ ಅವರ ಮನಸ್ಸಿಗೆ ನೆಮ್ಮದಿಯಾಗಬಹುದು. ಆದರೆ ಕಾಯಿಲೆಯವನ ೯೧ ದಿನಗಳು ಆ ನೆಮ್ಮದಿಗೆ ಬೆಲೆಯಾಗಿ ಹೋಗುತ್ತವೆ. ಆ ಬೆಲೆ ತೆರುವವರು ಒಡೆಯರಲ್ಲ. ಸಂತಾನವನ್ನು ದೇವರ ವರವೆಂದು ನಂಬಿದವರು ಬಾಣಂತಿಯ ಭತ್ಯೆಯನ್ನು ಮೊದಲು ನೋಡುವುದೇ ಯೋಗ್ಯವಲ್ಲವೆ? ಅವರ ಸಭೆಯ ನೀತಿಶಾಸ್ತ್ರವೇ ಅದಕ್ಕೆ ಅವಕಾಶ ಮಾಡಿಕೊಟ್ಟಿದೆ.

ಭಗಿನಿಯರ ಮಾತು ಬೇರೆ. ತಮ್ಮ ಕೈಯಿಂದಲೇ ಆ ಚಿಕಿತ್ಸೆ ಆಗಲೆಂದು ಅವರನ್ನು ಬಲಾತ್ಕರಿಸುವುದು ಸರಿಯಲ್ಲ. ಹಾಗೆ ಮಾಡಿದರೆ ಗೆಲ್ಲುವುದು ಒಂದು ಆಪರೇಷನ್. ಕಳೆದುಕೊಳ್ಳುವುದು ಜ್ವರಕ್ಕೆ, ಹಾವಿನ ಕಡಿತಕ್ಕೆ, ನಡುರಾತ್ರಿಯ ಹೆರಿಗೆಗೆ ತೆರೆದಿದ್ದ ಒಂದು ಬಾಗಿಲನ್ನು. ಆದರೆ ನಿರಾಕರಣೆಗೂ ಒಂದು ಮರ್ಯಾದೆ ಇದೆ. 'ಇಲ್ಲಿ ಇಲ್ಲ' ಎಂಬುದನ್ನು ಮುಚ್ಚುಮರೆಯಿಲ್ಲದೆ ಮೊದಲೇ ಹೇಳಬೇಕು. ಸುಳ್ಳು ಭಯ ಹುಟ್ಟಿಸಕೂಡದು. ಪ್ರಾಣಕ್ಕೆ ಅಪಾಯ ಒದಗಿದಾಗ ಹಿಂಜರಿಯಕೂಡದು. ಬೇರೆಡೆ ಚಿಕಿತ್ಸೆ ಮಾಡಿಸಿಕೊಂಡು ಬಂದವಳ ಗಾಯ ಕೀವಾದರೆ ಅದನ್ನು ತೊಳೆದು ಕಟ್ಟುವುದರಲ್ಲಿ ಮೊದಲಿಗರಾಗಬೇಕು.

ಉಳಿದ ಹೊಣೆ ಸರ್ಕಾರದ್ದು. ಅಂತಃಸಾಕ್ಷಿಗೆ ಜಾಗ ಬಿಡುವುದು ಸುಲಭವಾಗುವುದು ಹತ್ತಿರದಲ್ಲಿಯೇ ಇನ್ನೊಂದು ಬಾಗಿಲು ತೆರೆದಿದ್ದಾಗ. ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರಿದ್ದರೆ, ಕಳಸದಂತಹ ಊರಿಗೆ ಮಳೆಗಾಲದಲ್ಲಿಯೂ ತಪ್ಪದೆ ವಾಹನ ದೊರೆತರೆ, ಭಗಿನಿಯರ 'ಇಲ್ಲ' ಆ ಹೆಂಗಸಿಗೆ ಒಂದು ಬಸ್ಸಿನ ಪ್ರಯಾಣದಷ್ಟೇ ಭಾರ. ಅದಾವುದೂ ಇಲ್ಲದಿದ್ದರೆ ಅದೇ 'ಇಲ್ಲ' ಅವಳ ಪಾಲಿಗೆ ಕಲ್ಲಿನ ಗೋಡೆ. ಧರ್ಮಸ್ವಾತಂತ್ರ್ಯದ ಎಷ್ಟೋ ಜಗಳಗಳು ಮೂಲದಲ್ಲಿ ದೂರದ, ರಸ್ತೆಯ, ಬಾರದ ವೈದ್ಯನ ಜಗಳಗಳು.

ಸಂಜೆ ಕತ್ತಲಾಗುತ್ತಿದೆ. ಸಿಸ್ಟರಮ್ಮ ದೀಪ ಹಾಕಿ, ತಾಯಿಯ ಕಂಕುಳಿನಲ್ಲಿದ್ದ ಮಗುವಿನ ಮೈ ಮುಟ್ಟಿ ನೋಡುತ್ತಾರೆ.

"ಮಗುವಿಗೆ ಜ್ವರ ಇದೆ. ಈ ಔಷಧ ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ಕೊಡು. ನೀನು ಕೇಳಿದ್ದು ಮೂಡಿಗೆರೆಯ ಸರ್ಕಾರಿ ಆಸ್ಪತ್ರೆಯಲ್ಲಿ ಆಗುತ್ತದೆ. ನನ್ನ ಮನಸ್ಸಿಗೆ ಅದು ಒಪ್ಪುವುದಿಲ್ಲ. ಆದರೆ ನಿನಗೆ ಸುಳ್ಳು ಹೇಳಲಾರೆ. ಗಂಡನ ಜತೆ ಕೂತು ಮಾತಾಡಿ ನೀನೇ ತೀರ್ಮಾನ ಮಾಡು. ಏನೇ ಆದರೂ ಇಲ್ಲಿಗೆ ಬರುವುದನ್ನು ಬಿಡಬೇಡ, ತಿಳೀತಾ?"

"ಬರ್ತೀನಿ ಸಿಸ್ಟರಮ್ಮ. ಇಲ್ಲಿಗಲ್ದೆ ಇನ್ನೆಲ್ಲಿಗೆ ಹೋಗ್ಲಿ?"

ತಾಯಿ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂಲಿಲೈನಿನ ಕಡೆಗೆ ಇಳಿಯುತ್ತಾಳೆ. ಇಬ್ಬರ ಅಂತಃಸಾಕ್ಷಿಯೂ ಅವರವರ ಬಳಿಯಲ್ಲಿಯೇ ಉಳಿದಿದೆ.